‘ರೆಡ್, ಬ್ಲೂ’ ಬರುತ್ತೆ, ‘ನೀರು’ ಬರಲ್ಲ

ಮಗುವಿಗೆ 2 ವರ್ಷ 7 ತಿಂಗಳು. ಪುಟ್ಟ ಅನ್ನೋಣ. ಗುರುತು ಸಿಗಬಾರದು ಅಂತ ಊರು, ಅಪ್ಪ ಅಮ್ಮನ ಕೆಲಸ ಎಲ್ಲ ಬಿಟ್ಟಿದ್ದೇನೆ.

ಮಗುವಿನ ಮಾತಿನ ಬಗ್ಗೆ ಸಲಹೆ ಕೇಳೋಕೆ ನನ್ನ ಹತ್ರ ಬಂದ ಅಮ್ಮ, ಬಂದವರೇ ಒಂದು ವಿಡಿಯೊ ತೋರಿಸಿದರು. ಪುಟ್ಟ ಟ್ಯಾಬ್ ಮುಂದೆ ಕೂತು ‘ರೆಡ್, ಬ್ಲೂ, ಟ್ರಯಾಂಗಲ್’ ಅಂತ ಒಂದೊಂದನ್ನೂ ಮುಟ್ಟಿ ಹೇಳ್ತಿದ್ದ. ಇಪ್ಪತ್ತರವರೆಗೆ ಎಣಿಸಿದ.

“ಇಷ್ಟೆಲ್ಲ ಬರುತ್ತೆ ಮೇಡಂ. ಆದ್ರೆ ನೀರು ಬೇಕಾದ್ರೆ ನನ್ನ ಕೈ ಹಿಡಿದು ಫಿಲ್ಟರ್ ಹತ್ರ ಎಳ್ಕೊಂಡು ಹೋಗ್ತಾನೆ. ಬಾಯಿ ಬಿಡಲ್ಲ.”

‘ನಿನ್ನ ಮೊಬೈಲಿಂದಲೇ ಮಗು ಹೀಗಾಗಿದ್ದು’ ಅಂತ ಅತ್ತೆ ದಿನಾ ಅಂತಾರಂತೆ. ‘ನಾನೂ ಮಾತಾಡಿದ್ದು ಮೂರು ವರ್ಷಕ್ಕೇ, ಬಿಡು’ ಅಂತ ಗಂಡ. ಇಬ್ಬರ ನಡುವೆ ಈಕೆಗೆ ನಿದ್ದೆಯಿಲ್ಲ.

ಫೋನಿನಲ್ಲಿ ಕಲಿಕೆಯ ಆ್ಯಪ್ ನಾಲ್ಕಿದ್ದವು. ಯಾವ ವಯಸ್ಸಿಗೆ ಏನು ಬರಬೇಕು ಅಂತ ಕೇಳುವ ಆ್ಯಪ್ ಇನ್ನೊಂದು. ಅದರಲ್ಲಿ ಸಾಲಾಗಿ ‘ಇಲ್ಲ’ ಒತ್ತಬೇಕಾಗಿ ಬಂದ ದಿನದಿಂದ ಅದನ್ನು ತೆರೆದೇ ಇರಲಿಲ್ಲ. ದಿನಕ್ಕೆ ಎಷ್ಟು ಹೊತ್ತು ನೋಡ್ತಾನೆ ಅಂದಿದ್ದಕ್ಕೆ “ಒಂದು ಗಂಟೆ” ಅಂದರು. ಕೂತು ಲೆಕ್ಕ ಹಾಕಿದಾಗ ಮೂರೂವರೆ ಆಯ್ತು. ಅವರು ಸುಳ್ಳು ಹೇಳಿದ್ದಲ್ಲ. ಊಟ ಮಾಡಿಸುವಾಗ ತೋರಿಸಿದ್ದನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ನನ್ನ ಮೇಜಿನ ಮೇಲೆ ಬಿಗಿ ಮುಚ್ಚಳದ ಡಬ್ಬ ಒಂದಿದೆ, ಒಳಗೆ ಕಡ್ಲೆಪುರಿ. ಪುಟ್ಟನ ಮುಂದಿಟ್ಟೆ. ಅಲ್ಲಾಡಿಸಿದ, ಮುಚ್ಚಳ ಕಚ್ಚಿದ, ಆಮೇಲೆ ಅಮ್ಮನ ಮಡಿಲಿಗೆ ತುರುಕಿದ. ಅಮ್ಮ ತಕ್ಷಣ ತೆಗೆದುಕೊಟ್ಟರು. “ವಾಟ್ ಕಲರ್?” ಅಂತ ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ “ವೈಟ್! ಗುಡ್ ಜಾಬ್!” ಅಂದರು. ಥೇಟ್ ಆ್ಯಪಿನ ಧಾಟಿ.

ಮತ್ತೆ ಮುಚ್ಚಿ ಕೊಟ್ಟೆ. “ಈಗ ಸುಮ್ನಿರಿ. ಅವನ ಮುಖ ನೋಡ್ತಾ ಮನಸ್ಸಲ್ಲೇ ಹತ್ತು ಎಣಿಸಿ.” ಏಳೆಂಟು ಆಗುವಷ್ಟರಲ್ಲಿ ಪುಟ್ಟ ತಲೆಯೆತ್ತಿ ಅಮ್ಮನ ಕಣ್ಣು ನೋಡಿದ. “ಆ” ಅಂದ. “ತೆಗಿ ಅಂತಿದ್ದಾನೆ ನೋಡಿ. ‘ತೆಗೀಲಾ?’ ಅಂತ ಕೇಳಿ, ಆಮೇಲೆ ತೆಗೀರಿ” ಅಂದೆ.

ಬಣ್ಣದ ಹೆಸರು ಹೇಳೋದು ಬೇರೆ, ಬೇಕಾದ್ದನ್ನು ಇನ್ನೊಬ್ಬರ ಹತ್ರ ಕೇಳೋದು ಬೇರೆ. ಟ್ಯಾಬ್ ಹತ್ರ ಪುಟ್ಟ ಏನೂ ಕೇಳಬೇಕಿಲ್ಲ, ಬೆರಳಿಟ್ಟರೆ ಸಾಕು. ಅಮ್ಮನ ಹತ್ರವೂ ಕೇಳಬೇಕಿರಲಿಲ್ಲ.

ಆದರೆ ನಾನು ಮೊದಲು ಹೇಳಿದ್ದು ಕಿವಿ ಪರೀಕ್ಷೆ. ಟ್ಯಾಬ್ ಹಾಡಿಗೆ ತಿರುಗ್ತಾನೆ, ಹಾಗಾಗಿ ಕಿವಿ ಸರಿ ಇದೆ ಅನ್ನೋ ಲೆಕ್ಕ ನಡೆಯಲ್ಲ. ಅರೆಬರೆ ಕೇಳಿಸುವ ಮಗುವೂ ಹಾಡಿಗೆ ತಿರುಗಬಹುದು. ಎರಡು ವರ್ಷಕ್ಕೆ ‘ಹಾಲು ಬೇಕು’, ‘ಅಪ್ಪ ಬಾ’ ಅಂತ ಎರಡು ಪದ ಸೇರಿಸಬೇಕು. ಇಲ್ಲ ಅಂದ್ರೆ ತೋರಿಸಬೇಕು, ಅಪ್ಪ ಎಷ್ಟನೇ ವರ್ಷಕ್ಕೆ ಮಾತಾಡಿದ್ದರೂ ಸರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಟ್ಟೆ. ಕಿವಿ, ಮಾತು ಎರಡನ್ನೂ ಅಲ್ಲಿ ನೋಡ್ತಾರೆ. ಆಟಿಸಂ (ಇನ್ನೊಬ್ಬರ ಜೊತೆ ಬೆರೆಯೋದು, ಮಾತಾಡೋದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇದೆಯಾ ಅನ್ನೋದನ್ನು ಒಂದು ಭೇಟಿಯಲ್ಲಿ ನಾನು ಹೇಳುವಂತಿಲ್ಲ. ಮೊಬೈಲಿಂದಲೇ ಹೀಗಾಯ್ತು ಅಂತಲೂ ಹೇಳುವಂತಿಲ್ಲ. “ಅತ್ತೆಗೆ ಇಷ್ಟನ್ನು ತಿಳಿಸಿ” ಅಂದೆ. ಅವರು ಅಲ್ಲೇ ಅತ್ತುಬಿಟ್ಟರು.

ಆ್ಯಪೆಲ್ಲ ಅಳಿಸಿಬಿಡಲಾ ಅಂತ ಕೇಳಿದರು. ಅಷ್ಟು ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪುಟ್ಟನಿಗೆ ಅರ್ಧ ಗಂಟೆ ಅಂತ ಇಟ್ಟುಕೊಂಡೆವು. ಅದೂ ಅಮ್ಮನ ತೊಡೆ ಮೇಲೆ. ಊಟದ ತಟ್ಟೆ ಮುಂದೆ ಇಲ್ಲವೇ ಇಲ್ಲ. ಮೊದಲ ವಾರ ಕಿರುಚ್ತಾನೆ, ಎರಡು ತುತ್ತು ಕಡಿಮೆ ತಿಂತಾನೆ, ತಡ್ಕೊಳ್ಳಿ ಅಂದೆ.

ಬಣ್ಣದ ಆ್ಯಪ್ ಬದಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ಜಾಲತಾಣ ತೋರಿಸಿದೆ. ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಮೊದಲ ಹಂತದವು ಸಾಕು. ಬರೆದದ್ದನ್ನೇ ಓದಬೇಕು ಅಂತಿಲ್ಲ. ನಾಯಿ ಚಿತ್ರ ಬಂದರೆ ‘ನೋಡು, ನಮ್ಮ ಬೀದಿ ಕರಿಯನ ಥರ!’ ಅನ್ನಿ. ಆಮೇಲೆ ಸುಮ್ಮನಾಗಿ. ಆ ಸುಮ್ಮನಾಗೋದೇ ಕಷ್ಟ.

ಗಂಡನ ಹತ್ರ ಕನ್ನಡ, ಅತ್ತೆ ಹತ್ರ ಕನ್ನಡ, ಪುಟ್ಟನ ಹತ್ರ ಮಾತ್ರ ಇಂಗ್ಲಿಷ್ ಯಾಕೆ ಅಂತ ಕೇಳಿದೆ. “ನರ್ಸರಿ ಸೀಟಿಗೆ ಮೇಡಂ” ಅಂದರು. ಹೇಳಿ ಅವರೇ ನಕ್ಕರು. ಕೋಪ ಬಂದಾಗ ನಿಮಗೆ ಯಾವ ಭಾಷೆ ಬರುತ್ತೋ ಅದರಲ್ಲೇ ಮಾತಾಡಿ ಅಂದೆ.

ಆರು ವಾರ ಬಿಟ್ಟು ಬಂದರು. ಕಿವಿ ಸರಿ ಇದೆ. ಮಾತು ತಡವಾಗಿದೆ, ಸ್ಪೀಚ್ ಥೆರಪಿ ಶುರುವಾಗಿದೆ, ಇನ್ನೂ ಕೆಲವು ತಿಂಗಳು ಬೇಕು. ಸಾಲಾಗಿ ‘ಇಲ್ಲ’ ಒತ್ತಿ ಬಿಟ್ಟಿದ್ದ ಆ ಆ್ಯಪನ್ನು ಅಮ್ಮ ಮತ್ತೆ ತೆರೆದಿದ್ದಾರೆ. ಹದಿನೈದು ದಿನಕ್ಕೊಮ್ಮೆ ಗುರುತು ಹಾಕಿ ಥೆರಪಿಸ್ಟ್‌ಗೆ ತೋರಿಸ್ತಾರೆ. ಪುಟ್ಟ ಈಗ ‘ನೀ’ ಅಂತ ನೀರು ಕೇಳ್ತಾನೆ. ಅತ್ತೆಯ ದೂರು ಮಾತ್ರ ಬದಲಾಗಿದೆ: ಏನು ಕೊಟ್ಟರೂ ‘ಬೇಡ’ ಅಂತಾನಂತೆ, ಅಜ್ಜಿ ಅನ್ನೋ ಮರ್ಯಾದೆಯೇ ಇಲ್ಲವಂತೆ.