ಪಿರಮಿಡ್ ಹತ್ತೋಕೆ ಬಿಡಲ್ಲ ಅಂದಮೇಲೆ ಮೆಕ್ಸಿಕೋದ ಚಿಚೆನ್ ಇಟ್ಜಾಗೆ ಹೋಗಬೇಕಾ? ಕಡಲತೀರದ ಕ್ಯಾನ್‌ಕುನ್‌ನಿಂದ ಒಂದು ದಿನದ ಬಸ್ ಟೂರ್ ಸಾಕಾ? ಅಂತ ಕೇಳಿದ್ದೀರಿ.

ಅಪ್ಪ ಅಮ್ಮ ಜೊತೆಗಿದ್ದಾರೆ ಅಂತಲೂ ಬರೆದಿದ್ದೀರಿ. ಓದಿದ ತಕ್ಷಣ 2023ರ ಮೇ ತಿಂಗಳು ಕಣ್ಮುಂದೆ ಬಂತು.

ಅಮ್ಮ ಹಾಸನದಿಂದ ಡಲ್ಲಾಸ್‌ಗೆ, ನಮ್ಮ ಮನೆಗೆ ಬಂದಿದ್ದರು. ಅಲ್ಲಿನ ಪ್ರಾಚೀನ ಮಾಯಾ ಜನರ ಕುಕುಲ್ಕಾನ್ ಅಂದರೆ ಗರಿ ಇರುವ ಹಾವು, ಆ ದೇವರಿಗೇ ಈ ಪಿರಮಿಡ್ ಅಂತ ಹೇಳಿದ್ದೆ. ನಾಗರಕಲ್ಲಿಗೆ ಹಾಲೆರೆಯುವ ಅಮ್ಮನಿಗೆ ಅಷ್ಟು ಸಾಕಿತ್ತು. ಮೆಟ್ಟಿಲ ಬುಡದಲ್ಲಿರುವ ಹಾವಿನ ತಲೆಗಳನ್ನು ಹತ್ತಿರದಿಂದ ನೋಡಬೇಕು ಅಂತ ಕಾಯುತ್ತಿದ್ದರು.

ಕ್ಯಾನ್‌ಕುನ್‌ಗೆ ಹೋಗಿ ನಾನು ರೆಸಾರ್ಟ್‌ನಲ್ಲೇ ಟೂರ್ ಬುಕ್ ಮಾಡಿದೆ. ಎಡವಿದ್ದು ಅಲ್ಲೇ, ಬಿಡಿಸಿ ಹೇಳ್ತೀನಿ. ದೂರ ಸುಮಾರು 200 ಕಿಲೋಮೀಟರ್, ಎರಡೂವರೆ ಗಂಟೆಯಲ್ಲಿ ತಲುಪುತ್ತೇವೆ ಅಂದುಕೊಂಡಿದ್ದೆ. ಬಸ್ಸು 7ಕ್ಕೇ ಬಂತು. ನಮ್ಮನ್ನು ಹತ್ತಿಸಿಕೊಂಡು ಇನ್ನೂ ಐದು ಹೋಟೆಲ್ ಸುತ್ತಿತು. ಆಮೇಲೆ ಒಂದು ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಆಮೇಲೆ ಸೆನೋಟೆ, ಅಂದರೆ ಸುಣ್ಣಕಲ್ಲಿನ ನೆಲ ಕುಸಿದು ಆದ ದೊಡ್ಡ ಬಾವಿ. ಅಮ್ಮನಿಗೆ ಈಜು ಬರಲ್ಲ, ದಡದಲ್ಲೇ ಕೂತರು. ಆಮೇಲೆ ಬಫೆ ಊಟ. ಪಿರಮಿಡ್ ಮುಂದೆ ನಿಂತಾಗ ಮಧ್ಯಾಹ್ನ ಒಂದೂವರೆ. ಇದೆಲ್ಲಾ ಟೂರ್ ಪಟ್ಟಿಯಲ್ಲಿ ಇತ್ತು. ಪಿರಮಿಡ್ ತಲುಪೋದು ಎಷ್ಟು ಗಂಟೆಗೆ? ಈ ಒಂದು ಪ್ರಶ್ನೆ ನಾನು ಕೇಳಲಿಲ್ಲ. ಎಸಿ ಬಸ್ಸು, ಊಟ ಸೇರಿದೆ, ಅಮ್ಮನಿಗೆ ಆರಾಮ ಅಂತಷ್ಟೇ ನೋಡಿದೆ. ಆ ಆರಾಮದ ಬಸ್ಸಲ್ಲೇ ಅಮ್ಮ ಅರ್ಧ ಸೋತುಹೋಗಿದ್ದರು.

ಪಿರಮಿಡ್ ಇರೋದು ಬಟಾಬಯಲಲ್ಲಿ. ನೆಲದ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಅಮ್ಮ ಅಂಚಿನ ಮರದಡಿ ಕೂತು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ, "ನೀನು ನೋಡ್ಕೊಂಡು ಬಾ ಕಣೋ, ನಂಗೆ ಇಲ್ಲಿಂದ್ಲೇ ಕಾಣ್ತದೆ" ಅಂದರು. ಹಾವಿನ ತಲೆ ಅಲ್ಲಿಂದ ಕಾಣುತ್ತಿರಲಿಲ್ಲ.

ಹತ್ತೋಕೆ ಬಿಡಲ್ಲ, ಹಾಗಾಗಿ ಹೋಗೋದು ವ್ಯರ್ಥ ಅನ್ನೋ ನಿಮ್ಮ ಲೆಕ್ಕ ನಾನು ಒಪ್ಪಲ್ಲ. ಅದು ಕೆಳಗೆ ನಿಂತು ನೋಡಬೇಕಾದ ಕಟ್ಟಡ. ಒಂದೊಂದು ಬದಿಗೆ 91 ಮೆಟ್ಟಿಲು, ನಾಲ್ಕೂ ಸೇರಿ 364, ಮೇಲಿನ ಕಟ್ಟೆ ಸೇರಿದರೆ 365. ಇಡೀ ವರ್ಷವನ್ನೇ ಕಲ್ಲಲ್ಲಿ ಎಣಿಸಿಟ್ಟಿದ್ದಾರೆ.

2025ರ ಜನವರಿಯಲ್ಲಿ ಹೆಂಡತಿ ಜೊತೆ ಮತ್ತೆ ಹೋದೆ. ಹಿಂದಿನ ರಾತ್ರಿ ವಯಾಡೊಲಿಡ್ ಊರಲ್ಲಿ ಉಳಿದೆವು, ಅಲ್ಲಿಂದ ಬರೀ 45 ಕಿಲೋಮೀಟರ್. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದ ಕೂಡಲೇ ಒಳಗಿದ್ದೆವು. ಮೆಟ್ಟಿಲ ಎದುರು ನಿಂತು ಒಂದು ಚಪ್ಪಾಳೆ ತಟ್ಟಿದೆ. "ಚ್ಯೂಂವ್" ಅಂತ ಹಕ್ಕಿಯ ಕೂಗು ವಾಪಸ್ ಬಂತು. ಕೆಳಗಿನ ಮೆಟ್ಟಿಲಿಂದ ಸದ್ದು ಬೇಗ ಮರಳುತ್ತೆ, ಮೇಲಿನವುಗಳಿಂದ ತಡವಾಗುತ್ತಾ ಹೋಗುತ್ತೆ, ಅದಕ್ಕೇ ಸ್ವರ ಮೇಲಿಂದ ಕೆಳಕ್ಕೆ ಜಾರುತ್ತೆ. ಥೇಟ್ ಕ್ವೆಟ್ಜಾಲ್ ಹಕ್ಕಿ ಕೂಗಿದ ಹಾಗೆ ಅಂತಾರೆ. ಮೊದಲ ಸಲ ಆ ಜನಜಂಗುಳಿಯಲ್ಲಿ, ಜಾಗ್ವಾರ್ ಥರ ಗುರ್ ಅನ್ನೋ ಪೀಪಿ ಮಾರುವವರ ಗದ್ದಲದಲ್ಲಿ ಇದು ಗೊತ್ತೇ ಆಗಿರಲಿಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ, ಹಾಸನದಲ್ಲಿ ಸಂಜೆ ಏಳೂವರೆ ದಾಟಿತ್ತು. ಹಾವಿನ ತಲೆ ತೋರಿಸಿದೆ. "ಇನ್ನೂ ಹತ್ರ ಹಿಡಿ" ಅಂದರು. ಎಷ್ಟು ಹತ್ತಿರ ಹಿಡಿದರೂ ಅದು ಫೋನು ಅಲ್ವಾ.

ಹಾಗಾಗಿ ಬಸ್ ಟೂರ್ ಬೇಡವೇ ಬೇಡ. ಒಂದು ರಾತ್ರಿ ರೆಸಾರ್ಟ್ ದುಡ್ಡು ಹೋದರೂ ಪರವಾಗಿಲ್ಲ, ವಯಾಡೊಲಿಡ್‌ನಲ್ಲಿ ಉಳಿಯಿರಿ. ಆಗಲ್ಲ ಅಂದರೆ ಕಾರು ಮಾಡಿಕೊಂಡು ಬೆಳಿಗ್ಗೆ ಆರಕ್ಕೇ ಹೊರಡಿ. ಚಿಚೆನ್ ಇಟ್ಜಾ ಇರುವ ಯುಕಾಟಾನ್ ರಾಜ್ಯದ ಗಡಿಯಾರ ಕ್ಯಾನ್‌ಕುನ್‌ಗಿಂತ ಒಂದು ಗಂಟೆ ಹಿಂದೆ, ಆ ಒಂದು ಗಂಟೆ ನಿಮ್ಮದೇ. ಟಿಕೆಟ್ ಎರಡಿರುತ್ತೆ, ಒಂದು ಕೇಂದ್ರ ಸರ್ಕಾರದ್ದು, ಒಂದು ರಾಜ್ಯದ್ದು. ಕೈಯಲ್ಲಿ ನಗದು ಪೆಸೊ ಇರಲಿ. ಒಳಗೆ ಹೋದಮೇಲೆ ಬೇರೆ ಯಾವುದನ್ನೂ ನೋಡಬೇಡಿ, ಬಸ್ಸುಗಳು ಬರುವ ಮುಂಚೆ ಅಪ್ಪ ಅಮ್ಮನನ್ನು ನೇರ ಉತ್ತರ ದಿಕ್ಕಿನ ಮೆಟ್ಟಿಲ ಬುಡಕ್ಕೆ, ಆ ಹಾವಿನ ತಲೆಗಳ ಹತ್ತಿರಕ್ಕೆ ಕರೆದುಕೊಂಡು ಹೋಗಿ.