ಡಬ್ಬಿಯಲ್ಲಿ ದಿನಾ ಸೊಪ್ಪಿದೆ, ರಕ್ತದಲ್ಲೇಕೆ ಕಬ್ಬಿಣವಿಲ್ಲ?

ಪ್ರಶ್ನೆ: ನನಗೆ 24 ವರ್ಷ, ತೂಕ 48 ಕಿಲೋ. ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿದು ಕುರ್ಲಾದ ಆಫೀಸಿಗೆ ಹೋಗುತ್ತೇನೆ. ಬೆಳಿಗ್ಗೆ ಚಹಾ-ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಚಪಾತಿ, ಪಾಲಕ್ ಪಲ್ಯ ಅಥವಾ ಬೀಟ್‌ರೂಟ್. ಉಂಡ ಕೂಡಲೇ ಕಟಿಂಗ್ ಚಹಾ. ಸಂಜೆ ವಡಾಪಾವ್. ರಾತ್ರಿ ತೂಕ ಏರೀತೆಂದು ಸ್ವಲ್ಪವೇ ಅನ್ನ-ಸಾರು. ಮೊಟ್ಟೆ, ಮಾಂಸ ತಿನ್ನುವುದಿಲ್ಲ. ಹಿಮೋಗ್ಲೋಬಿನ್ 9.8 ಬಂದಿದೆ. ಸ್ಟೇಷನ್ ಸೇತುವೆ ಹತ್ತಿದರೆ ಏದುಸಿರು, ಕೂದಲೂ ಉದುರುತ್ತಿದೆ. ಸೊಪ್ಪು ತಿಂದರೂ ಹೀಗೇಕೆ?

ಉತ್ತರ: ನಿಮ್ಮ ವಯಸ್ಸಿನವರಿಗೆ ಹಿಮೋಗ್ಲೋಬಿನ್ ಕನಿಷ್ಠ 12 ಇರಬೇಕು. 9.8 ಎಂದರೆ ಮಧ್ಯಮ ಪ್ರಮಾಣದ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇಷ್ಟು ಜನರಿಗೆ ಇದೆ ಎಂದು ಸುಮ್ಮನಿರುವ ವಿಷಯವಲ್ಲ ಇದು.

ಮೊದಲು ಲೆಕ್ಕ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವಂತೆ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ನೀವು ಬರೆದಿರುವ ಊಟದಲ್ಲಿ 10 ಮಿಲಿಗ್ರಾಂ ಮುಟ್ಟುವುದೂ ಕಷ್ಟ. 100 ಗ್ರಾಂ ಪಾಲಕ್‌ನಲ್ಲಿ ಸಿಗುವುದು ಸುಮಾರು 3 ಮಿಲಿಗ್ರಾಂ. ಬೀಟ್‌ರೂಟ್‌ನಲ್ಲಿ ಒಂದೂ ಇಲ್ಲ, ಬಣ್ಣ ಮಾತ್ರ ರಕ್ತದ್ದು. ಅದರ ಮೇಲೆ ಚಹಾ. ಚಹಾದ ಒಗರು ಅಂಶ, ಅಂದರೆ ಟ್ಯಾನಿನ್, ಸೊಪ್ಪು-ಕಾಳುಗಳ ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ. ರಕ್ತಕ್ಕೆ ಸೇರಬೇಕಾದದ್ದು ಮಲದಲ್ಲಿ ಹೊರಹೋಗುತ್ತದೆ. ಆದ್ದರಿಂದ ನಾನು ಮೊದಲು ಬದಲಿಸಲು ಹೇಳುವುದು ಚಹಾದ ಹೊತ್ತನ್ನು. ಚಹಾ ಬಿಡಬೇಕಾಗಿಲ್ಲ, ಊಟಕ್ಕೆ ಮೊದಲೂ ನಂತರವೂ ಒಂದು ಗಂಟೆ ಅಂತರ ಇರಲಿ, ಸಾಕು. ಉಂಡ ಮೇಲೆ ಬಾಯಿ ಏನಾದರೂ ಕೇಳಿದರೆ ಒಂದು ಪೇರಲ ಹಣ್ಣು ತಿನ್ನಿ. ಅದರ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಪಲ್ಯಕ್ಕೆ ಲಿಂಬೆ ಹಿಂಡುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ಸಿ ಜೀವಸತ್ವ ನಾಶವಾಗುತ್ತದೆ.

ಪಾಲಕ್ ಬದಲು ಮೆಂತ್ಯ ಸೊಪ್ಪು, ಹರಿವೆ ತನ್ನಿ. ನಿಮ್ಮ ಭಾಜಿವಾಲಿಯ ಬಳಿ ಲಾಲ್ ಮಾಠ್ ಎಂದು ಕೇಳಿದರೆ ಕೆಂಪು ಹರಿವೆ ಸಿಗುತ್ತದೆ. ಕಾಳುಗಳಲ್ಲಿ ಮಡಿಕೆ (ಇಲ್ಲಿ ಮಟ್ಕಿ) ಮತ್ತು ಹುರಳಿ (ಕುಳೀಥ್) ಉತ್ತಮ: 100 ಗ್ರಾಂ ಒಣಕಾಳಿನಲ್ಲಿ 8 ಮಿಲಿಗ್ರಾಂ ಆಸುಪಾಸು ಕಬ್ಬಿಣ. ಒಂದು ಹಿಡಿ, ಸುಮಾರು 30 ಗ್ರಾಂ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಮೊಳಕೆಯಲ್ಲಿ ಫೈಟೇಟ್, ಅಂದರೆ ಕಬ್ಬಿಣವನ್ನು ಹಿಡಿದಿಡುವ ಕಾಳಿನ ಅಂಶ, ಕಡಿಮೆಯಾಗಿ ಕಬ್ಬಿಣ ಸಡಿಲವಾಗುತ್ತದೆ. ಬಿಸ್ಕತ್ತಿನ ಬದಲು ಇದರ ಉಸಳಿ ತಿಂದೇ ರೈಲು ಹತ್ತಿ. ಸಾರನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ, ಆದ ಕೂಡಲೇ ಬೇರೆ ಪಾತ್ರೆಗೆ ಸುರಿದುಬಿಡಿ. ರಾತ್ರಿ ಊಟ ಕಡಿಮೆ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. 48 ಕಿಲೋ ತೂಕದವರಿಗೂ ದಿನಕ್ಕೆ 40 ಗ್ರಾಂ ಪ್ರೋಟೀನ್ ಬೇಕು, ತಿಳಿಸಾರಿನಿಂದ ಅದು ಬರುವುದಿಲ್ಲ.

ಆದರೆ 9.8 ಇರುವಾಗ ಊಟವೊಂದರಿಂದಲೇ ಸರಿಹೋಗುವುದಿಲ್ಲ, ಮಾತ್ರೆ ಬೇಕು. ಅದಕ್ಕೆ ಮೊದಲು ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಪರೀಕ್ಷೆ) ಮತ್ತು ಬಿ12 ಜೀವಸತ್ವದ ಪರೀಕ್ಷೆ ಮಾಡಿಸಿ. ಬಿ12 ಸೊಪ್ಪು-ಕಾಳುಗಳಲ್ಲಿ ಇಲ್ಲ, ನಿಮಗದು ಹಾಲು-ಮೊಸರಿನಿಂದಲೇ ಬರಬೇಕು. ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಲಿಂಬೆ ಶರಬತ್ತಿನೊಂದಿಗೆ ನುಂಗಿ. ಹಾಲು, ಚಹಾ, ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ. ಆ್ಯಸಿಡಿಟಿ ಗುಳಿಗೆ ನುಂಗುವ ಅಭ್ಯಾಸವಿದ್ದರೆ ವೈದ್ಯರಿಗೆ ತಿಳಿಸಿ, ಅದೂ ಕಬ್ಬಿಣಕ್ಕೆ ಅಡ್ಡಿ. ಮಲ ಕಪ್ಪಾದರೆ ಹೆದರಬೇಡಿ. ವಾಕರಿಕೆ ಬಂದರೆ ದಿನ ಬಿಟ್ಟು ದಿನ ನುಂಗಬಹುದೇ ಎಂದು ವೈದ್ಯರನ್ನೇ ಕೇಳಿ, ಹಾಗೆ ತೆಗೆದುಕೊಂಡರೂ ಚೆನ್ನಾಗಿಯೇ ಹೀರುತ್ತದೆ.

ಬಹಳಷ್ಟು ಜನ ತಪ್ಪುವುದು ಇಲ್ಲಿ: ಸುಸ್ತು ಹೋಯಿತೆಂದು ತಿಂಗಳಿಗೇ ಮಾತ್ರೆ ಬಿಟ್ಟುಬಿಡುತ್ತಾರೆ. ಹಿಮೋಗ್ಲೋಬಿನ್ 12 ದಾಟಿದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೇ ದೇಹದ ದಾಸ್ತಾನು ತುಂಬುವುದು. ನಾಲ್ಕು ವಾರಕ್ಕೆ ಮತ್ತೆ ರಕ್ತ ನೋಡಿಸಿ. ಕನಿಷ್ಠ 1 ಗ್ರಾಂ ಏರದಿದ್ದರೆ ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ಹಿಮೋಗ್ಲೋಬಿನ್ ದೋಷ) ವಾಹಕತೆಯ ಪರೀಕ್ಷೆ ಬೇಕಾಗಬಹುದು. ಮುಟ್ಟಿನ ಬಗ್ಗೆ ನೀವು ಬರೆದಿಲ್ಲ. ಏಳು ದಿನ ದಾಟುತ್ತಿದ್ದರೆ, ಗಂಟೆ-ಎರಡು ಗಂಟೆಗೊಮ್ಮೆ ಪ್ಯಾಡ್ ನೆನೆಯುತ್ತಿದ್ದರೆ, ಈ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ.