ಪ್ರತಿಕ್ರಿಯೆ: ತೊಟ್ಟಿಲಲ್ಲಿ ಬೆವರಿ ಏಳುವ 3 ತಿಂಗಳ ಮಗು

ನಿಮ್ಮ ಕೋಣೆಯ ತೊಟ್ಟಿಲಲ್ಲಿ ಮಗು ಬೆವರಿ ಎದ್ದು ಅಳುವುದಕ್ಕೆ ಹೆಚ್ಚಾಗಿ ಸೆಕೆಯೇ ಕಾರಣ. ರಾತ್ರಿ ಮಗುವಿಗೆ ಟೋಪಿ, ಸ್ವೆಟರ್ ಹಾಕಿ ಮೇಲೆ ದುಪ್ಪಟಿ ಹೊದಿಸುತ್ತೇವೆ ಅಂತ ಬರೆದಿದ್ದೀರಿ, ಅಷ್ಟು ಬೇಡ. ನೋಡದೆ ಖಚಿತವಾಗಿ ಹೇಳಲಾರೆ, ಆದರೂ ಇವತ್ತು ರಾತ್ರಿ ಇಲ್ಲಿಂದಲೇ ಶುರು ಮಾಡಿ.

ಮೊದಲು ಟೋಪಿ ತೆಗೆಯಿರಿ. ನಿಮಗಿಂತ ಒಂದು ಪದರ ಜಾಸ್ತಿ ಬಟ್ಟೆ ಸಾಕು. ಕೈಕಾಲು ತಣ್ಣಗಿದ್ದರೆ ಹೆದರಬೇಡಿ, ಮಗುವಿಗೆ ಸೆಕೆಯೋ ಚಳಿಯೋ ಅಂತ ತಿಳಿಯಲು ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ.

ಆಮೇಲೆ ತೊಟ್ಟಿಲು ಖಾಲಿ ಮಾಡಿ. ಸಾಸಿವೆ ದಿಂಬು, ಪಕ್ಕದ ದಿಂಬು, ಗೊಂಬೆ, ದುಪ್ಪಟಿ ಯಾವುದೂ ಬೇಡ. ಮೂಗಿಗೆ ಏನಾದರೂ ಅಡ್ಡ ಬಂದರೆ ಸರಿಸಿಕೊಳ್ಳಲು ಈ ವಯಸ್ಸಿಗೆ ಬರುವುದಿಲ್ಲ. ತಲೆ ದುಂಡಗಾಗಲಿ ಅಂತ ನಿಮ್ಮ ಅತ್ತೆ ದಿಂಬು ಇಡುತ್ತಾರೆ, ಅಲ್ವಾ? ಮಗು ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರೇ ಸ್ವಲ್ಪ ಹೊತ್ತು ಬೋರಲು ಮಲಗಿಸಿದರೆ ತಲೆಗೆ ಒಳ್ಳೆಯದು ಅಂತ ಅವರಿಗೆ ಸಮಾಧಾನವಾಗಿ ಹೇಳಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ.

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ಹಾಸಿಗೆಗೂ ತೊಟ್ಟಿಲಿನ ಅಂಚಿಗೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಸಂದು ಬೇಡ. ಪರದೆಯ ದಾರ, ವೈರು ದೂರವಿಡಿ. ಕನಿಷ್ಠ 6 ತಿಂಗಳು ತೊಟ್ಟಿಲು ನಿಮ್ಮ ಮಂಚದ ಪಕ್ಕದಲ್ಲೇ ಇರಲಿ.

ಹಾಲು ಕುಡಿಯುವಾಗಲೂ ಬೆವರುತ್ತಿದ್ದರೆ ಅಥವಾ ಜ್ವರ ಇದ್ದರೆ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ.